ಹಳೆಯ ನಗೆಯ ಹೊಸ ಅವತಾರಗಳು

ಶಿಕಾರಿಪುರದಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ನಮ್ಮ ಬಳ್ಳಿಗಾವಿಗೆ ಬರುವ ಪ್ರವಾಸಿಗಳು ಸಾಮಾನ್ಯವಾಗಿ ಕೇದಾರೇಶ್ವರನ ದರ್ಶನ ಮಾಡಿಕೊಂಡು, ಅಲ್ಲಮಪ್ರಭುವಿನ ಊರು ಇದೇ ಅಲ್ಲವೆ ಎಂದು ಒಂದು ಮಾತು ವಿಚಾರಿಸಿ, ಹಿಂದಿರುಗಿಬಿಡುತ್ತಾರೆ. ತ್ರಿಪುರಾಂತಕೇಶ್ವರ ದೇವಾಲಯದವರೆಗೆ ಕಾಲೆಳೆದುಕೊಂಡು ಬರುವವರು ಕಡಮೆ. ಬಂದವರೂ ಅಲ್ಲಿಯ ಜಾಲಂಧ್ರದ ಕೆತ್ತನೆಗೆ ಬೆರಗಾಗಿ ನಿಲ್ಲುವರೇ ಹೊರತು, ಸೊಂಟ ಬಾಗಿಸಿ ಸಣ್ಣ ಸಣ್ಣ ಪಟ್ಟಿಕೆಗಳನ್ನು ನೋಡುವವರು ವಿರಳ. ಆ ಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳಿವೆ. ಹನ್ನೊಂದನೆಯ ಶತಮಾನದ ಶಿಲ್ಪಿ ದೇವರ ಮನೆಯ ಗೋಡೆಯಲ್ಲಿ ನಗುವಿಗೂ ಒಂದಿಷ್ಟು ಜಾಗ ಬಿಟ್ಟಿದ್ದಾನೆ.

ಅದೇ ಶತಮಾನದಲ್ಲಿ, ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು ೧೦೩೧ರಲ್ಲಿ ಪಂಚತಂತ್ರವನ್ನು ಕನ್ನಡದಲ್ಲಿ ಬರೆದ. ಲೋಕವೆಲ್ಲ ಬಲ್ಲ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಹಿಡಿದದ್ದು ಅವನ ವಿಶೇಷ. ಆ ಗ್ರಂಥಕ್ಕೂ ನಮ್ಮೂರ ಶಿಲ್ಪಕ್ಕೂ ನೇರವಾದ ನಂಟು ಉಂಟೆಂದು ನಾನು ವಾದಿಸುತ್ತಿಲ್ಲ. ಹೇಳಬೇಕಾದುದು ಇಷ್ಟೆ: ಒಮ್ಮೆ ನಗಿಸಿದ ಕಥೆಯನ್ನು ಮತ್ತೊಮ್ಮೆ, ಮತ್ತೊಂದು ಮಾತಿನಲ್ಲಿ, ಕಡೆಗೆ ಕಲ್ಲಿನಲ್ಲಿಯೂ ಹೇಳುವುದು ಈ ಸೀಮೆಗೆ ಹೊಸದಲ್ಲ. ಕರಟಕ ದಮನಕರು ಅಂದಿನ ಜನಕ್ಕೆ ಎಷ್ಟು ಪರಿಚಿತರಾಗಿದ್ದರೋ, ನಮ್ಮ ಕಾಲದ ಜನಕ್ಕೆ ದೂರದರ್ಶನದ ನಗೆ ಧಾರಾವಾಹಿಗಳ ಪಾತ್ರಗಳು ಅಷ್ಟೇ ಪರಿಚಿತರು.

ಈ ಪೀಠಿಕೆಗೆ ಕಾರಣವುಂಟು. ಕೆಲವು ವರ್ಷಗಳಿಂದ ಹಳೆಯ ನಗೆ ಧಾರಾವಾಹಿಗಳು ಒಂದೊಂದಾಗಿ ಮರಳಿ ಬರುತ್ತಿವೆ. ಹೆಸರು ಅದೇ, ಹಲವೆಡೆ ನಟರೂ ಅವರೇ. ಬರುತ್ತದೆಂಬ ಸುದ್ದಿ ಕೇಳಿದಾಗ ಹಬ್ಬದ ಸಂಭ್ರಮ. ಬಂದು ಎರಡು ವಾರ ಕಳೆಯುವಷ್ಟರಲ್ಲಿ ‘ಅಯ್ಯೋ, ಅದು ಇದಲ್ಲ’ ಎಂಬ ಉದ್ಗಾರ. ನನ್ನ ವಯಸ್ಸಿನವರು, ಎಂದರೆ ನಲವತ್ತನ್ನು ದಾಟಿದವರು, ಸೇರಿದಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ‘ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಮಣ್ಣು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕನ್ನಡ ಎಂ.ಎ. ತರಗತಿಯಲ್ಲಿ ಪಂಪ ರನ್ನರನ್ನು ಓದಿ ಬಂದವನಿಗೆ ಈ ತೀರ್ಪನ್ನು ಒಪ್ಪಿಕೊಳ್ಳುವುದು ಕಷ್ಟ. ಮರಳಿ ಹೇಳುವುದೇ ತಪ್ಪಾಗಿದ್ದರೆ ನಮ್ಮ ಸಾಹಿತ್ಯದ ಅರ್ಧ ಪಾಲನ್ನು ಹೊಳೆಗೆ ಹಾಕಬೇಕಾಗುತ್ತದೆ. ಆದರೂ ಆ ನಿರಾಶೆ ನನಗೂ ಆಗಿದೆಯಷ್ಟೆ. ಅದೇಕೆ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು ನಮ್ಮ ಜಿಲ್ಲೆಯ ಧಾರಾವಾಹಿಯಿಂದಲೇ ಆರಂಭಿಸುವುದು ನ್ಯಾಯ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ೧೯೮೭ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ನಿರ್ಮಾಪಕರು ಟಿ. ಎಸ್. ನರಸಿಂಹನ್. ಚಿತ್ರೀಕರಣದ ಬಹುಭಾಗ ನಡೆದದ್ದು ಇದೇ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ರೈಲು ನಿಲ್ದಾಣದ ದೃಶ್ಯಗಳಿಗೆ ಒದಗಿದ್ದು ಹೊಸನಗರ ಸೀಮೆಯ ಅರಸಾಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಅನಂತ್ ನಾಗ್ ಅವರು ಮಿಠಾಯಿ ವ್ಯಾಪಾರಿ ಜಗನ್. ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಆರ್. ಕೆ. ಲಕ್ಷ್ಮಣರವು. ಮಾತು ಮಾತ್ರ ಹಿಂದಿ!

ಇದೊಂದು ವಿಚಿತ್ರ. ಮೈಸೂರಿನಲ್ಲಿ ನೆಲೆಸಿದ್ದ ತಮಿಳು ಮನೆಮಾತಿನ ಲೇಖಕರು ಇಂಗ್ಲಿಷಿನಲ್ಲಿ ಬರೆದದ್ದನ್ನು, ಕನ್ನಡದ ನಟರು, ಕನ್ನಡದ ಹಳ್ಳಿಯೊಂದರಲ್ಲಿ, ಹಿಂದಿಯಲ್ಲಿ ಆಡಿ ತೋರಿಸಿದರು. ಪ್ರಸಾರದ ವರ್ಷ ನನಗೆ ಏಳು ವರ್ಷ. ರಜೆಗೆಂದು ಶಿವಮೊಗ್ಗೆಯ ಸೋದರಮಾವನ ಮನೆಗೆ ಹೋಗಿದ್ದೆವು, ಜೊತೆಯಲ್ಲಿ ಅಜ್ಜಿ. ಆ ಬೀದಿಗೆಲ್ಲ ಒಂದೇ ಟೆಲಿವಿಷನ್ ಪೆಟ್ಟಿಗೆ. ಅಜ್ಜಿಗೆ ಹಿಂದಿಯ ಗಂಧವಿಲ್ಲ, ನನಗೂ ಇಲ್ಲ. ಮಾವ ಅಲ್ಲಲ್ಲಿ ಒಂದೊಂದು ಮಾತನ್ನು ಕನ್ನಡಿಸಿ ಹೇಳುತ್ತಿದ್ದರು. ಆಮೇಲೆ ಅದೂ ಬೇಡವಾಯಿತು. ಅಜ್ಜಿ ಕೈಯೆತ್ತಿ, ‘ಸುಮ್ಮನಿರೋ, ಆ ಹುಡುಗನ ಮುಖದಲ್ಲೇ ಎಲ್ಲಾ ಬರೆದದೆ’ ಎಂದು ಮಾವನ ಬಾಯಿ ಮುಚ್ಚಿಸಿದಳು.

ಬಳ್ಳಿಗಾವಿಗೆ ಹಿಂದಿರುಗಿದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಸಂಜೆ ಜಗಲಿಯ ಮೇಲೆ ಸೇರುತ್ತಿದ್ದ ಹೆಂಗಸರಿಗೆ ಅಜ್ಜಿ ತಾನು ಕಂಡದ್ದನ್ನೆಲ್ಲ ಹೇಳತೊಡಗಿದಳು. ಸ್ವಾಮಿ ಅವಳ ಬಾಯಲ್ಲಿ ‘ಸಾಮಿ’ಯಾದ. ಮಾಲ್ಗುಡಿಯ ಸರಯೂ ನದಿ ಕುಮುದ್ವತಿಯಾಯಿತು. ‘ಹೀರೋ’ ಎಂಬ ಕಥೆಯಲ್ಲಿ ತಂದೆ ಪತ್ರಿಕೆಯಲ್ಲಿ ಒಬ್ಬ ಧೀರ ಬಾಲಕನ ಸುದ್ದಿಯನ್ನೋದಿ, ಅಜ್ಜಿಯ ಮಗ್ಗುಲು ಬಿಡದ ಮಗನಿಗೆ ‘ನಿನಗೂ ಧೈರ್ಯವಿದ್ದರೆ ಈ ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು’ ಎಂದು ಸವಾಲು ಹಾಕುತ್ತಾನೆ. ಹೆದರಿ ಬೆಂಚಿನಡಿಯಲ್ಲಿ ಮುದುಡಿಕೊಂಡ ಹುಡುಗ ಕತ್ತಲಲ್ಲಿ ಯಾರದೋ ಕಾಲನ್ನು ಕಚ್ಚಿ ಹಿಡಿಯುತ್ತಾನೆ. ಅವನು ಕಳ್ಳನೆಂದು ಗೊತ್ತಾಗಿ ಹುಡುಗ ಬೆಳಗಾಗುವುದರೊಳಗೆ ಊರಿಗೇ ವೀರನಾಗುತ್ತಾನೆ. ನಮ್ಮಜ್ಜಿಯ ಪಾಠದಲ್ಲಿ ಕಳ್ಳನಿಗಿಂತಲೂ ತಂದೆಯ ಮೇಲೆ ಕೋಪ ಹೆಚ್ಚು. ‘ಮಗುವನ್ನ ಅಜ್ಜಿ ಮಗ್ಗುಲಿಂದ ಎಬ್ಬಿಸಿಕೊಂಡು ಹೋಗೋಕೆ ಅವನಿಗೆ ಅಧಿಕಾರ ಕೊಟ್ಟೋರ್ಯಾರು?’ ಎಂದು ಅವಳು ಕೇಳಿದರೆ ಜಗಲಿಯೆಲ್ಲ ಹೌದೆನ್ನುತ್ತಿತ್ತು. ಆ ಹೆಂಗಸರಲ್ಲಿ ಹೆಚ್ಚಿನವರು ಮೂಲ ಧಾರಾವಾಹಿಯನ್ನು ಕಣ್ಣಿನಿಂದ ಕಂಡವರೇ ಅಲ್ಲ. ಆದರೂ ಮುಂದೆ ವರ್ಷಗಟ್ಟಲೆ ನಮ್ಮ ಕೇರಿಯಲ್ಲಿ ಕತ್ತಲಿಗೆ ಹೆದರುವ ಹುಡುಗನಿಗೆ ‘ಸಾಮಿ’ ಎಂದು ಹೆಸರು ಬಿತ್ತು.

ನಾನು ಕಂಡ ಮರುಕಥನಗಳಲ್ಲಿ ಅತ್ಯುತ್ತಮವಾದುದು ಅದು. ಅಜ್ಜಿ ಒಂದು ಕಥೆಯನ್ನು ಕದ್ದು ತಂದಳು. ತನ್ನ ನೋವನ್ನೂ ನೋಟವನ್ನೂ ಅದರೊಳಗೆ ಇಟ್ಟಳು. ಊರ ಹೊಳೆಯನ್ನು ಹರಿಸಿದಳು. ಕಥೆ ಬದುಕಿತು.

ಈಗ ಮೂಲದ ಗುಣವೇನೆಂದು ನೋಡಬೇಕು. ಭಾಷೆ ತಿಳಿಯದ ಮುದುಕಿಯನ್ನೂ ಹಿಡಿದು ಕೂರಿಸಿದ್ದು ಯಾವುದು? ನನಗೆ ತೋರುವಂತೆ ಅದು ಆ ಧಾರಾವಾಹಿಯ ಅವಸರವಿಲ್ಲದ ನಡೆ. ವಾರಕ್ಕೊಮ್ಮೆ ಬರುವ ಕಂತು; ಒಂದು ಕಂತಿಗೆ ಬಹುಮಟ್ಟಿಗೆ ಒಂದು ಕಥೆ. ಹುಡುಗ ಒಂದು ಸುಳ್ಳು ಹೇಳಿ ಅದರ ಭಾರವನ್ನು ಹೊತ್ತುಕೊಂಡು ಶಾಲೆಯವರೆಗೆ ನಡೆಯುವುದನ್ನು ನಾವು ಪೂರ್ತಿಯಾಗಿ ನೋಡಬಹುದಾಗಿತ್ತು. ನಗು ಮಾತಿನಲ್ಲಿ ಇರಲಿಲ್ಲ, ಮಾತಿಗೂ ಮಾತಿಗೂ ನಡುವಣ ಮೌನದಲ್ಲಿ ಇತ್ತು. ‘ತಿಂಗಳಿಗೆ ನಲವತ್ತೈದು ರೂಪಾಯಿ’ಯ ಕಥೆಯನ್ನೇ ನೋಡಿ, ವಿಷ್ಣುವರ್ಧನ್ ಅದರಲ್ಲಿ ಗುಮಾಸ್ತ ವೆಂಕಟರಾವ್. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟ ತಂದೆಯನ್ನು ಕಛೇರಿ ಬಿಡುವುದಿಲ್ಲ. ರೋಸಿಹೋಗಿ ರಾಜೀನಾಮೆ ಬರೆದರೆ, ಸಂಬಳ ೪೦ರಿಂದ ೪೫ಕ್ಕೆ ಏರಿದೆಯೆಂಬ ಸುದ್ದಿ ಬರುತ್ತದೆ. ಕಾಗದ ಜೇಬಿಗೆ ಹಿಂದಿರುಗುತ್ತದೆ. ಮನೆಗೆ ಬಂದಾಗ ಮಗಳು ಹೊಸ ಉಡುಪಿನಲ್ಲೇ ನಿದ್ದೆಹೋಗಿದ್ದಾಳೆ. ಇದನ್ನು ಕಂಡು ನಗಬೇಕೋ ಅಳಬೇಕೋ ಯಾರೂ ಹೇಳಿಕೊಡುವುದಿಲ್ಲ.

ಈ ‘ಹೇಳಿಕೊಡುವ’ ವಿಷಯದಲ್ಲಿ ಒಂದು ಮಾತು. ಅಮೆರಿಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿತಂತ್ರಜ್ಞರು ೧೯೫೦ರ ದಶಕದಲ್ಲಿ ಒಂದು ನಗೆಯ ಯಂತ್ರವನ್ನು ರಚಿಸಿದರು. ಮೊದಲೇ ಮುದ್ರಿಸಿಟ್ಟ ನಗುವನ್ನು, ಕೀಲಿಗಳನ್ನೊತ್ತಿ, ಬೇಕಾದಲ್ಲಿ ಬೇಕಾದಷ್ಟು ಬೆರೆಸುವ ಸಾಧನ ಅದು. ಕಿರುನಗೆಗೊಂದು ಕೀಲಿ, ಗಹಗಹಿಸುವಿಕೆಗೊಂದು. ಅದರ ಸಂತತಿ ಇಂದು ನಮ್ಮ ಮನೆಗಳಲ್ಲಿಯೂ ನೆಲೆಸಿದೆ. ನಟ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಯಾರೋ ಘೊಳ್ಳೆನ್ನುತ್ತಾರೆ. ನಗು ಸಾಲದೆಂದು ತೋರಿದರೆ ‘ಟೊಂಯ್’ ಎಂದೊಂದು ಸದ್ದು, ಅದೂ ಸಾಲದಿದ್ದರೆ ನಟನ ಮುಖ ಮೂರು ಸಲ ಹಿಂದೆ ಮುಂದೆ. ನಮ್ಮ ಸೊರಬ, ಸಾಗರದ ಕಡೆಯ ಬಡಗುತಿಟ್ಟಿನ ಬಯಲಾಟದಲ್ಲಿ ಒಳ್ಳೆಯ ಹಾಸ್ಯಗಾರನನ್ನು ನೋಡಿದವರಿಗೆ ಇದರ ದೈನ್ಯ ತಟ್ಟನೆ ತಿಳಿಯುತ್ತದೆ. ಅವನು ಒಂದು ಮಾತು ಬಿಟ್ಟು ನಿಲ್ಲುತ್ತಾನೆ. ಸಭೆಯ ಮುಂದಿನ ಸಾಲಿನಲ್ಲಿ ಹೊರಟ ನಗು ಹಿಂದಿನ ಸಾಲಿಗೆ ಮುಟ್ಟಿ ಮರಳುವವರೆಗೆ ಕಾದು, ಆಮೇಲೆ ಎರಡನೆಯ ಮಾತನ್ನು ಆಡುತ್ತಾನೆ. ಆ ಕಾಯುವಿಕೆ ಪ್ರೇಕ್ಷಕರಿಗೆ ತೋರುವ ಮರ್ಯಾದೆ.

ಶಂಕರ್ ನಾಗ್ ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಹತ್ತಿರ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ೩೬ ವರ್ಷವೂ ತುಂಬಿರಲಿಲ್ಲ. ಅವರು ನಿರ್ದೇಶಿಸಿದ್ದ ಕಂತುಗಳು ೩೯. ೨೦೦೬ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಅದೇ ಹೆಸರಿನ ಮತ್ತೆ ೧೫ ಕಂತುಗಳು ಬಂದವು. ‘ದೇವೀರಿ’ಯಂಥ ಚಿತ್ರವನ್ನು ಕೊಟ್ಟ ನಿರ್ದೇಶಕಿಯ ಸಾಮರ್ಥ್ಯವನ್ನು ಸಂದೇಹಿಸುವ ಕಾರಣವಿಲ್ಲ; ನಾನು ನೋಡಿದ ಕಂತುಗಳಲ್ಲಿ ಶ್ರದ್ಧೆಯ ಕೊರತೆ ಕಾಣಲಿಲ್ಲ. ಆದರೆ ನೋಡುವವರ ಕಣ್ಣು ಪರದೆಯ ಮೇಲೆ ಇರಲಿಲ್ಲ, ಹತ್ತೊಂಬತ್ತು ವರ್ಷ ಹಿಂದೆ ಇತ್ತು. ಬೇರೆ ಹೆಸರಿನಲ್ಲಿ ಬಂದಿದ್ದರೆ ಆ ಕಂತುಗಳನ್ನು ಜನ ಅವುಗಳ ಯೋಗ್ಯತೆಯಿಂದಲೇ ನೋಡುತ್ತಿದ್ದರೇನೋ. ದೊಡ್ಡ ಹೆಸರು ಆಶ್ರಯವೂ ಹೌದು, ನೆರಳೂ ಹೌದು. ನೆರಳಿನಲ್ಲಿ ಪೈರು ಏಳುವುದಿಲ್ಲವೆಂಬುದನ್ನು ನಮ್ಮ ರೈತರು ಬಲ್ಲರು. ೨೦೨೦ರಲ್ಲಿ ‘ಮಾಲ್ಗುಡಿ ಡೇಸ್’ ಎಂಬ ಕನ್ನಡ ಚಲನಚಿತ್ರವೊಂದೂ ತೆರೆಗೆ ಬಂದಿತು. ಅದರ ಕಥೆಯೇ ಬೇರೆ; ಆದರೂ ಆ ಹೆಸರು ಬೇಕಾಯಿತು.

ನಾರಾಯಣರು ತಾವೇ ಈ ಸಂಕಟವನ್ನು ಅನುಭವಿಸಿದವರು. ಅವರ ‘ದಿ ಗೈಡ್’ ಕಾದಂಬರಿ ೧೯೬೫ರಲ್ಲಿ ಹಿಂದಿ ಚಿತ್ರವಾದಾಗ, ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋದುದರ ಬಗ್ಗೆ ಅವರು ತಮ್ಮ ಅಸಮಾಧಾನವನ್ನು ಲೇಖನ ರೂಪದಲ್ಲಿಯೇ ಹೊರಗೆಡಹಿದರು. ಚಿತ್ರ ಮಾತ್ರ ಬಹು ಜನಪ್ರಿಯವಾಯಿತು. ಇಲ್ಲೊಂದು ತೊಡಕುಂಟು. ಮಳೆ ಸುರಿಯುವ ಆಗುಂಬೆಯೂ ನಾರಾಯಣರ ಮಾಲ್ಗುಡಿಯೇನಲ್ಲ; ಅವರ ಮಾಲ್ಗುಡಿ ಬಯಲು ನಾಡಿನ ಊರು. ಹಾಗಾದರೆ ಆಗುಂಬೆ ಹೇಗೆ ಒಗ್ಗಿತು? ಕಲಾನಿರ್ದೇಶಕ ಜಾನ್ ದೇವರಾಜ್ ಮತ್ತು ಸಂಗಡಿಗರು ಆ ಹಳ್ಳಿಯಲ್ಲಿ ಬೀಡುಬಿಟ್ಟು, ಅಲ್ಲಿನ ಬೀದಿ, ಜಗಲಿ, ದೊಡ್ಡಮನೆಗಳನ್ನೇ ಮಾಲ್ಗುಡಿಯಾಗಿಸಿದರು. ಊರು ಬದಲಾಯಿತೇ ವಿನಾ ಊರಿನ ಅಳತೆ ಬದಲಾಗಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ, ಗುಟ್ಟು ಬಚ್ಚಿಡಲು ಜಾಗವಿಲ್ಲದ ಸಣ್ಣ ಊರೇ ನಾರಾಯಣರ ಹಾಸ್ಯಕ್ಕೆ ಆಧಾರ.

ಕನ್ನಡದ ನಗೆ ಧಾರಾವಾಹಿಗಳಿಗೆ ಬರೋಣ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು ೧೯೮೧ರ ನವೆಂಬರ್ ೧ರಂದು. ಆ ದಶಕದಲ್ಲಿಯೇ ‘ಸಿಹಿ ಕಹಿ’ ಎಂಬ ಧಾರಾವಾಹಿ ಬಂದು, ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರಿಗೆ ಆ ಹೆಸರೇ ಬಿರುದಾಗಿ ಅಂಟಿಕೊಂಡಿತು. ಇಂದಿಗೂ ಅವರನ್ನು ಸಿಹಿಕಹಿ ಎಂಬ ವಿಶೇಷಣವಿಲ್ಲದೆ ಕರೆಯುವವರಿಲ್ಲ. ೨೦೦೦ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾದ ಮೇಲೆ ಆ ದಶಕದ ಎರಡು ನಗೆ ಧಾರಾವಾಹಿಗಳು ಮನೆಮಾತಾದವು: ವಿಜಯ ಪ್ರಸಾದರ ‘ಸಿಲ್ಲಿ ಲಲ್ಲಿ’, ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರರ ಡಾಕ್ಟರ್ ವಿಠ್ಠಲ್‌ರಾವ್ ಮತ್ತು ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ ಇವರನ್ನು ನೆನೆದರೆ ಈಗಲೂ ತುಟಿ ಅರಳುತ್ತದೆ. ಸಮಾಜಸೇವೆಯ ಹೆಸರಿನಲ್ಲಿ ಮನೆಯನ್ನು ಮರೆತ ಹೆಂಡತಿ, ವೈದ್ಯವೃತ್ತಿಯ ಗಾಂಭೀರ್ಯವನ್ನು ಮೊದಲ ದಿನವೇ ಕಳಚಿಟ್ಟ ಗಂಡ: ಕೈಲಾಸಂ ಕಂಡಿದ್ದರೆ ಮೆಚ್ಚುತ್ತಿದ್ದ ಜೋಡಿ. ಈ ಹೊತ್ತಿಗೆ ನಮ್ಮ ಬಳ್ಳಿಗಾವಿಯಲ್ಲಿಯೂ ಮನೆಮನೆಗೆ ಪೆಟ್ಟಿಗೆ ಬಂದಿತ್ತು. ಸಂಜೆ ಬೀದಿಯಲ್ಲಿ ಹೊರಟರೆ ಒಂದು ಮನೆಯಲ್ಲಿ ಬಿಟ್ಟ ಮಾತು ಮುಂದಿನ ಮನೆಯಲ್ಲಿ ಕೈಗೆ ಸಿಕ್ಕುತ್ತಿತ್ತು.

‘ಪಾಪ ಪಾಂಡು’ವಿನ ಸರಕು ಬಲು ಸರಳ. ಹೆಂಡತಿಗೆ ಹೆದರುವ ಗಂಡ ಪಾಂಡು. ಅವನನ್ನು ಮಾತಿನಿಂದಲೂ ಕೈಗೆ ಸಿಕ್ಕ ಪಾತ್ರೆಯಿಂದಲೂ ದಂಡಿಸುವ ಹೆಂಡತಿ. ಚಿದಾನಂದ ಮತ್ತು ಶಾಲಿನಿ ಆ ಪಾತ್ರಗಳನ್ನು ಎಷ್ಟು ಸಹಜವಾಗಿ ಧರಿಸಿದ್ದರೆಂದರೆ, ನಮ್ಮ ಕೇರಿಯ ಗಂಡಸರು ಸಂಜೆ ಅದನ್ನು ನೋಡುವಾಗ ಸ್ವಲ್ಪ ಎಚ್ಚರದಿಂದ ನಗುತ್ತಿದ್ದರು! ೨೦೧೮ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಅದು ಮರಳಿ ಬಂದಿತು. ಅದೇ ಪಾಂಡು, ಅದೇ ಹೆಂಡತಿ, ಅದೇ ನಟರು. ನಟನೆ ಮೊನಚು ಕಳೆದುಕೊಂಡಿರಲಿಲ್ಲ. ಹಾಗಿದ್ದೂ ಮನಸ್ಸು ತುಂಬಲಿಲ್ಲ. ನನಗೆ ಕಂಡದ್ದು ಹಳೆಯ ಜಗಳವೇ ಹೊಸ ಸೋಫಾದ ಮೇಲೆ. ಒಂದೂವರೆ ದಶಕದಲ್ಲಿ ಗಂಡಹೆಂಡಿರ ಜಗಳದ ಸ್ವರೂಪವೇ ಬೇರೆಯಾಗಿದೆಯಲ್ಲ? ಮನೆಮನೆಯಲ್ಲಿ ಮೊಬೈಲು ಬಂದಿದೆ, ಹೆಂಡತಿಯ ಕೈಗೆ ಸಂಬಳ ಬಂದಿದೆ, ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಬೇರೆ ಬೇರೆ ಲೋಕಗಳಲ್ಲಿ ಇರುವುದು ಸಾಧ್ಯವಾಗಿದೆ. ಜಗಳವಾಡಲೂ ಪುರುಸೊತ್ತಿಲ್ಲದ ದಂಪತಿಗಳ ಮೇಲೆ ಎಷ್ಟು ನಗೆ ಬರೆಯಬಹುದಾಗಿತ್ತು! ವಯಸ್ಸಾದ ಪಾಂಡುವನ್ನು ನೋಡುವ ಆಸೆ ನನಗಿತ್ತು. ನಟರಿಗೆ ವಯಸ್ಸಾಗಿತ್ತು, ಪಾತ್ರಕ್ಕೆ ಆಗಿರಲಿಲ್ಲ.

ಈ ಕಾಯಿಲೆ ಕನ್ನಡಕ್ಕಷ್ಟೇ ಸೀಮಿತವಲ್ಲ. ಹಿಂದಿಯ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ ೨೦೦೪ರಲ್ಲಿ ಬಂದಾಗ ಹೊಳೆದಂತೆ ೨೦೧೭ರ ಎರಡನೆಯ ಬರವಿನಲ್ಲಿ ಹೊಳೆಯಲಿಲ್ಲವೆಂಬುದು ನೋಡಿದವರಲ್ಲಿ ಅನೇಕರ ಮಾತು. ಎದುರು ನಿದರ್ಶನವೂ ಉಂಟು. ಬ್ರಿಟನ್ನಿನ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂಬ ೧೯೭೭ರ ಧಾರಾವಾಹಿಯಲ್ಲಿ ಪರದೇಶಿಗಳಿಗೆ ಇಂಗ್ಲಿಷ್ ಕಲಿಸುವ ಮೇಷ್ಟರ ಪಾಡನ್ನು ಎತ್ತಿಕೊಂಡು, ೧೯೯೩ರಲ್ಲಿ ‘ಜಬಾನ್ ಸಂಭಾಲ್ಕೆ’ ಎಂಬ ಹಿಂದಿ ರೂಪ ಬಂದಿತು. ಪಂಕಜ್ ಕಪೂರ್ ಅಲ್ಲಿ ಹಿಂದಿ ಮೇಷ್ಟರು. ಭಾರತದ ನಾನಾ ಭಾಗದವರೂ ವಿದೇಶೀಯರೂ ಶಿಷ್ಯರು. ಹಿಂದಿ ಬಾರದ ಭಾರತೀಯ ಎಂಬ ನಮ್ಮದೇ ಗೊಂದಲಕ್ಕೆ ಆ ಕಥೆ ಒದಗಿತು. ಭಾಷೆ ಕಲಿಸಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಅದರ ನಗು ಸ್ವಲ್ಪ ಚುಚ್ಚುತ್ತಲೂ ಇತ್ತೆನ್ನಿ.

‘ಇದೆಲ್ಲ ಸರಿ, ನೀವು ಹಂಬಲಿಸುವುದು ಧಾರಾವಾಹಿಗೋ ನಿಮ್ಮ ಬಾಲ್ಯಕ್ಕೋ?’ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮಾವನ ಮನೆಯ ಆ ಪಡಸಾಲೆ, ನೆಲದ ಮೇಲೆ ಒತ್ತಿಕೊಂಡು ಕುಳಿತ ಇಡೀ ಬೀದಿಯ ಮಕ್ಕಳು, ಅಜ್ಜಿಯ ಎತ್ತಿದ ಕೈ ಇವುಗಳಲ್ಲಿ ಯಾವುದನ್ನೂ ಯಾವ ವಾಹಿನಿಯೂ ಮರುಪ್ರಸಾರ ಮಾಡಲಾರದು. ಅದರ ಲೆಕ್ಕವನ್ನು ಹೊಸ ಧಾರಾವಾಹಿಯ ತಲೆಗೆ ಕಟ್ಟುವುದು ಅನ್ಯಾಯ. ಹಾಗೆಂದೇ ಎರಡು ವರ್ಷದ ಕೆಳಗೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ‘ಹೀರೋ’ ಕಂತನ್ನು ತೋರಿಸಿದೆ. ಅವರೆಲ್ಲ ಈ ಶತಮಾನದಲ್ಲಿ ಹುಟ್ಟಿದವರು. ಹಳೆಯ ಧಾರಾವಾಹಿಗಳನ್ನು ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕುಗಳಾಗಿ ಬಲ್ಲವರೇ ಹೊರತು ಪೂರ್ತಿ ಕಂತನ್ನು ಕುಳಿತು ನೋಡಿದವರಲ್ಲ. ಮೊದಲ ಐದು ನಿಮಿಷ ಬೆಂಚುಗಳು ಕಿರುಗುಟ್ಟಿದವು. ಆಮೇಲೆ ನಿಂತವು. ತಂದೆಯ ಸವಾಲನ್ನು ಕೇಳಿ ಸ್ವಾಮಿಯ ಮೋರೆ ಇಳಿದಾಗ, ನನ್ನಜ್ಜಿ ನಕ್ಕಿದ್ದ ಜಾಗದಲ್ಲಿಯೇ, ಅವರೂ ನಕ್ಕರು. ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಇದರಲ್ಲಿ ಹಿಂದೆ ನಗೋರು ಯಾರೂ ಇಲ್ಲವಲ್ಲ, ನಮಗೆ ಹೇಗೆ ಗೊತ್ತಾಯ್ತು?’ ಆ ತರಗತಿಯಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಕಾವ್ಯಮೀಮಾಂಸೆಯ ಪ್ರಶ್ನೆ ಅದು. ಉತ್ತರ ಕೊಡುವ ಬದಲು, ಅಂದು ಪಾಠಕ್ಕಿದ್ದ ಅಲ್ಲಮನ ಕಥೆಯನ್ನು ತೆಗೆದೆ.

ಅಲ್ಲಮನ ಕಥೆಯನ್ನು ನಮ್ಮ ಊರಿನವನ ಕಥೆಯೆಂದು ಹೇಳಿಕೊಳ್ಳುವಾಗ ಬಳ್ಳಿಗಾವಿಯವರಿಗೆ ಒಂದು ಇಕ್ಕಟ್ಟಿದೆ. ಅದು ಎರಡು ಪಾಠದಲ್ಲಿ ಬರುತ್ತದೆ. ಸುಮಾರು ೧೨೦೦ರ ಹರಿಹರನ ರಗಳೆಯಲ್ಲಿ ಅಲ್ಲಮ ಬಳ್ಳಿಗಾವಿಯ ಮದ್ದಳೆಗಾರ. ಕಮಲತೆಯನ್ನು ಪ್ರೀತಿಸುತ್ತಾನೆ, ಕೂಡಿ ಬಾಳುತ್ತಾನೆ. ಅವಳು ಜ್ವರ ಬಂದು ಸಾಯುತ್ತಾಳೆ. ಹುಚ್ಚನಂತೆ ಅಲೆಯುತ್ತ, ಒಂದು ತೋಟದಲ್ಲಿ ಕುಳಿತು ಕಾಲ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದಾಗ ಹೂತುಹೋದ ಗುಡಿಯ ಕಳಶ ಕಾಣುತ್ತದೆ, ಒಳಗೆ ಅನಿಮಿಷಯ್ಯ. ಅಲ್ಲಿಂದ ಅವನು ಬೇರೆಯೇ ಮನುಷ್ಯ. ಎರಡು ಶತಮಾನ ಕಳೆದು, ಸುಮಾರು ೧೪೩೦ರಲ್ಲಿ, ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಇದೆಲ್ಲವನ್ನೂ ತಿರುವಿಹಾಕಿದ. ಕಮಲತೆ ಹೋದಳು, ಅವಳ ಜಾಗಕ್ಕೆ ಬನವಸೆಯ ಮಮಕಾರ ರಾಜನ ಮಗಳಾಗಿ ಮಾಯೆ ಬಂದಳು. ಮದ್ದಳೆ ಬನವಸೆಯ ಮಧುಕೇಶ್ವರನ ಗುಡಿಗೆ ಹೋಯಿತು. ಪ್ರೀತಿಸಿ ಸೋತ ಅಲ್ಲಮ, ಮಾಯೆಗೆ ಎಟುಕದ ಅಲ್ಲಮನಾದ. ಇಷ್ಟೆಲ್ಲ ಬದಲಾಯಿಸಿದರೂ ಚಾಮರಸನನ್ನು ಯಾರೂ ‘ಅದು ಇದಲ್ಲ’ ಎಂದು ತಳ್ಳಲಿಲ್ಲ. ಶತಮಾನಗಳ ಕಾಲ ಜನ ಅವನನ್ನು ಓದಿಸಿ ಕೇಳಿದರು. ಅವನಿಗೆ ಹೇಳಲು ಬೇರೊಂದು ವಸ್ತು ಇತ್ತು. ಬಯಲನ್ನು ಬಾಚಿ ತಬ್ಬಲು ಹೋದ ಮಾಯೆಯ ಕೈ ಬರಿದಾಗುವುದನ್ನು ತೋರಿಸಬೇಕಾಗಿತ್ತು. ಅದಕ್ಕೆ ಕಮಲತೆಯ ಕಥೆ ಸಾಲುತ್ತಿರಲಿಲ್ಲ.

ನನ್ನ ಒಲವು ಹರಿಹರನ ಕಡೆಗೇ ಎಂಬುದನ್ನು ಮುಚ್ಚಿಡಲಾರೆ. ಹೆಂಡತಿ ಸತ್ತ ದುಃಖದಲ್ಲಿ ನೆಲ ಕೆರೆಯುವ ಮನುಷ್ಯ ನನಗೆ ಹೆಚ್ಚು ಹತ್ತಿರದವನು. ಆದರೆ ಚಾಮರಸನನ್ನು ಓದುವಾಗ ನನಗೆ ನಿರಾಶೆಯಾಗುವುದಿಲ್ಲ, ವಾದ ಹುಟ್ಟುತ್ತದೆ. ರನ್ನನೂ ಹಾಗೆಯೇ. ಪಂಪನ ವಿಕ್ರಮಾರ್ಜುನ ವಿಜಯದ ಒಂದು ಆಶ್ವಾಸವನ್ನು ಎತ್ತಿಕೊಂಡು ಇಡೀ ಗದಾಯುದ್ಧವನ್ನು ಕಟ್ಟಿದ. ಅರ್ಜುನನನ್ನು ಬದಿಗಿಟ್ಟು ಭೀಮನನ್ನು ನಾಯಕನನ್ನಾಗಿ ಮಾಡಿದ. ಸಾಲದೆಂದು ಕುರುಕ್ಷೇತ್ರದ ನಡುವೆ ಒಬ್ಬ ವಿದೂಷಕನನ್ನೂ ತಂದು ಕೂರಿಸಿದ. ರಕ್ತದ ಹೊಳೆಯ ಪಕ್ಕದಲ್ಲಿ ನಗೆಯಾಡಲು ಎಂಥ ಎದೆ ಬೇಕು! ಆಮೇಲೆ ಬಿ. ಎಂ. ಶ್ರೀಕಂಠಯ್ಯನವರು ಅದನ್ನೇ ‘ಗದಾಯುದ್ಧ ನಾಟಕ’ವಾಗಿ ರೂಪಿಸಿದರು. ನಮ್ಮ ವಾಹಿನಿಗಳವರು ಹಳೆಯ ಧಾರಾವಾಹಿಯನ್ನು ಎತ್ತಿಕೊಳ್ಳುವಾಗ, ಹೆಸರಿಗೆ ಇರುವ ಮಾರುಕಟ್ಟೆಯ ಜೊತೆಗೆ, ಇಂಥ ಒಂದು ಹಟವನ್ನೂ ಇಟ್ಟುಕೊಂಡು ಬರಬಾರದೇಕೆ?

ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ೨೦೨೦ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಅದರ ಕೆಲಸಕ್ಕೆ ಕರೆಸಿದ್ದು ಅದೇ ಜಾನ್ ದೇವರಾಜರನ್ನು. ಅಲ್ಲಿಗೆ ಹೋದವರು ಭಾವಚಿತ್ರ ತೆಗೆಸಿಕೊಂಡು, ಚಹಾ ಕುಡಿದು ಬರುತ್ತಾರೆ. ಹಳೆಯದನ್ನು ಹಳೆಯದಾಗಿಯೇ ಉಳಿಸಿ, ಬೇಕಾದವರು ಬಂದು ನೋಡಲೆಂದು ಬಿಡುವುದೂ ಒಂದು ದಾರಿ. ಅದಕ್ಕೆ ನನ್ನ ಆಕ್ಷೇಪವ��ಲ್ಲ.

ನಮ್ಮ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಆ ಪ್ರಶ್ನೆ ಕೇಳಿದ ಹುಡುಗಿ ಮತ್ತು ಅವಳ ಗೆಳತಿಯರು ವರ್ಷದ ಕೊನೆಯ ಕಾಲೇಜು ಸಮಾರಂಭಕ್ಕೆ ‘ಹೀರೋ’ ಕಥೆಯನ್ನು ಹಿಡಿದು ಇಪ್ಪತ್ತು ನಿಮಿಷದ ಪ್ರಹಸನವೊಂದನ್ನು ಬರೆದರು. ನಾನು ತಿದ್ದಿದ್ದು ನಾಲ್ಕಾರು ಕಾಗುಣಿತ ಮಾತ್ರ. ಅವರ ಕಥೆಯಲ್ಲಿ ಆಫೀಸು ಕೋಣೆಯಿಲ್ಲ. ಅಡಿಕೆ ಒಣಗುವ ಅಂಗಳ. ರಾತ್ರಿ ಕಾವಲಿಗೆ ಒಬ್ಬಳೇ ಮಲಗಬೇಕಾದವಳು ಹುಡುಗಿ; ಸವಾಲು ಹಾಕಿದ ಅಣ್ಣನ ಕೈಯಲ್ಲಿ ಪತ್ರಿಕೆಯ ಬದಲು ಮೊಬೈಲು. ಕಳ್ಳ ಬಂದ; ಅವಳು ಕಚ್ಚಿದಳು; ಬೆಳಕು ಹತ್ತಿಸಿ ನೋಡಿದರೆ ಅವನು ಅವಳನ್ನು ಹೆದರಿಸಲು ಬಂದ ಅದೇ ಅಣ್ಣ. ಅಜ್ಜಿಯ ಪಾತ್ರಕ್ಕೆ ಸೊರಬದ ಕಡೆಯ ಹುಡುಗಿಯೊಬ್ಬಳು. ಹಚ್ಚ ಹಳ್ಳಿಯ ಮಾತು. ಕುಂಟುತ್ತಿರುವ ಮೊಮ್ಮಗನ ಕಾಲಿಗೆ ಅರಿಸಿನ ಹಚ್ಚುತ್ತ, ‘ಇನ್ನೊಂದು ಕಾಲೂ ಇಲ್ಲಿ ತಾ, ಅದಕ್ಕೆ ನಾನು ಕಚ್ಚುತೀನಿ’ ಎಂದಳು. ಹೇಳಿ ನಿಂತಳು. ಮುಂದಿನ ಸಾಲಿನಲ್ಲಿದ್ದ ಅಧ್ಯಾಪಕರಿಂದ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಹುಡುಗರವರೆಗೆ ನಗು ಹೋಗಿ ಮುಟ್ಟುವ ತನಕ, ಅರಿಸಿನದ ಕೈಯನ್ನು ಎತ್ತಿ ಹಿಡಿದುಕೊಂಡೇ, ಮುಂದಿನ ಮಾತಿಗೆ ಕಾದಳು.